ಹೊಗೆಯಿಲ್ಲದ ಒಲೆ, ಹೊಗೆಗೊಂದು ಬೆಲೆ

ವನಗೂರು, 20-5-2008

ಅಕ್ಕಾ, ನಮಸ್ಕಾರ.

ವಿದೇಶದ ಕಂಪನಿಯೊಂದು ಇಲ್ಲಿ ಮನೆಮನೆಗೂ ಹೊಗೆಯಿಲ್ಲದ ಒಲೆ ಪುಕ್ಕಟೆ ಕೊಟ್ಟಿದೆ. ಇಲ್ಲಿ ಕಡಿಮೆಯಾದಷ್ಟು ಹೊಗೆಯನ್ನು ಅದು ತನ್ನೂರಲ್ಲಿ ಬಿಡಬಹುದಂತೆ! ಜನ ಒಲೆ ಬಳಸುತ್ತಾರಾ ಎಂದು ನೋಡಿ ಬರೆಯುವ ಕೆಲಸ ನನ್ನದು.

ಇವತ್ತು ಮೀನಾಕ್ಷಮ್ಮ ಎಂಬುವರ ಮನೆಗೆ ಹೋಗಿದ್ದೆ. ಹೊಸ ಒಲೆಗೆ ಪೂಜೆ, ಅಡುಗೆಯಿಂದ ರಜೆ. ರೊಟ್ಟಿ ಬೇಯುತ್ತಿದ್ದದ್ದು ಹಳೇ ಒಲೆಯಲ್ಲೇ.

"ಹೊಗೆ ಇಲ್ದಿದ್ರೆ ಅಟ್ಟದ ಮೇಲಿನ ಬಿತ್ತನೆ ಭತ್ತಕ್ಕೆ ಹುಳ ಬೀಳ್ತೈತೆ ಕಣ್ರೀ. ನಿಮ್ಮ ಒಲೆಗೆ ದಿನಾ ಕುಂಕುಮ ಇಡ್ತೀನಲ್ಲ, ಸಾಲ್ದಾ?" ಎಂದು ನನಗೂ ಎರಡು ರೊಟ್ಟಿ ಬಡಿಸಿದರು.

ಬಳಸುತ್ತಿಲ್ಲ ಎಂದು ಬರೆದರೆ ಯೋಜನೆಯೂ ನಿಲ್ಲುತ್ತದೆ, ನನ್ನ ಸಂಬಳವೂ. ತಿಂದು ಮುಗಿಸುವಷ್ಟರಲ್ಲಿ ಹೊಗೆಗೆ ನೀರು ಸುರಿದು ಕಣ್ಣೇ ಬಿಡಲಾಗಲಿಲ್ಲ. ಫಾರಂನಲ್ಲಿ 'ಹೊಗೆ ಕಾಣಲಿಲ್ಲ' ಎಂದು ಬರೆದುಬಿಟ್ಟೆ.

ಬಸ್ಸು ಬಂತು, ಇಲ್ಲಿಗೇ ನಿಲ್ಲಿಸುತ್ತೇನೆ. ಕಣ್ಣುರಿ ಬಿಟ್ಟರೆ ಆರೋಗ್ಯ, ನೌಕರಿ ಎರಡೂ ಚೆನ್ನಾಗಿವೆ.

ನಿನ್ನ ತಮ್ಮ,
ಶ್ರೀನಾಥ