ಹಳೆಯ ಹೆಡ್‌ಸೆಟ್, ಹೊಸ ಹೆಡ್‌ಸೆಟ್, ಅಕ್ಕನ ಕಿವಿ

ಫೆಬ್ರವರಿ 9, ಭಾನುವಾರ

ಮತ್ತೆ ಅದೇ ಕಥೆ. ಕೋಚ್‌ನ ಬೈಕಿನ ಹಿಂದೆ ಕೂತು, ತೋಳಿಗೆ ಸ್ಪೇರ್ ಚಕ್ರ ಸಿಕ್ಕಿಸಿಕೊಂಡು, ಕಿವಿಗೆ ಹೆಡ್‌ಸೆಟ್ ಏರಿಸಿ, ಸೈಕಲ್ ರೇಸ್ ಉದ್ದಕ್ಕೂ ಅಕ್ಕನಿಗೆ ಕಾಮೆಂಟರಿ ಕೊಡುತ್ತಾ ಬಾಯಿ ಬಡಿದುಕೊಂಡೆ. ಅಕ್ಕನ ಮಗಳು, ಊರಿಗೆಲ್ಲ 'ಮಿಡತೆ', ಹತ್ತನೆಯವಳಾಗಿ ಸೈಕಲ್ ಇಳಿದಳು — ಹಿಂದಿನ ಸಲಕ್ಕಿಂತ ಎಷ್ಟೋ ಮೇಲು! ಮನೆಯಲ್ಲಿ ಫೋನ್ ಹಿಡಿದು ಕೂತಿದ್ದ ಅಕ್ಕನಿಗೆ ಕೇಳಿಸಿದ್ದು ಬರೀ ಗಾಳಿ. ಮಗಳು ಬಿದ್ದಳೋ ಗೆದ್ದಳೋ ತಿಳಿಯಲಿಲ್ಲವಂತೆ.

"ನಿನ್ನ ಜೊತೆ ಮಾತಾಡೋದೂ ಒಂದೇ, ಕುಕ್ಕರ್ ಜೊತೆ ಮಾತಾಡೋದೂ ಒಂದೇ ಕಣೋ," ಎಂದು ನಕ್ಕಳು. ನಾನು ಮನೆ ತಲುಪಿದರೂ ಫೋನ್ ಮಾತ್ರ ಇನ್ನೂ ಅವಳ ಕೈಯಲ್ಲೇ.

ಕಣ್ಣು ಹೋದಾಗಿನಿಂದ ಅಕ್ಕ ಆಸ್ಪತ್ರೆ ಬಿಟ್ಟರೆ ಹೊಸ್ತಿಲು ದಾಟಿದವಳಲ್ಲ. ಜನಜಂಗುಳಿ ಎಂದರೆ ಭಯ. ಮಗಳ ಒಂದು ರೇಸಿಗೂ ಬಂದಿಲ್ಲ.

ಫೆಬ್ರವರಿ 20

ಬಂತು! ಹೆಡ್‌ಸೆಟ್ ಅದೇ ಮಾಡೆಲ್, ಹೊಸ ಆವೃತ್ತಿ. ಡ್ಯೂಟಿಯಲ್ಲಿ, ಲಿಫ್ಟ್ ರಿಪೇರಿ ನಡುವೆಯೇ, ಲಿಫ್ಟಿನ ನೆತ್ತಿಯ ಮೇಲೆ ಕೂತು ಡಬ್ಬ ಬಿಚ್ಚಿದೆ. ಮೊದಲ ನೋಟಕ್ಕೆ ಎರಡೂ ಅವಳಿ ಜವಳಿ. ಆದರೆ ಹಳೆಯದಕ್ಕೆ ಎರಡು ಮೈಕ್, ಇದಕ್ಕೆ ನಾಲ್ಕು. ಕೊಕ್ಕೆ ಮೆತ್ತಗಿದೆ — ಹಳೆಯದು ಸ್ವಲ್ಪ ಹೊತ್ತಿಗೇ ಕಿವಿ ಹಿಂಡುವ ಮೇಷ್ಟ್ರಾಗುತ್ತಿತ್ತು. ಚಾರ್ಜರ್ ಕೊನೆಗೂ ಫೋನಿನದೇ ಸಾಕು. ಒಂದೇ ಎಡವಟ್ಟು. ಹಳೆಯದರಲ್ಲಿ ವಾಲ್ಯೂಮ್ ಬಟನ್ ಇದ್ದ ಕಡೆ ಇದರಲ್ಲಿ ಮ್ಯೂಟ್. ಸೂಪರ್‌ವೈಸರ್ ಫೋನ್ ಬಂದಾಗ ಸೌಂಡ್ ಏರಿಸಲು ಹೋಗಿ ನನ್ನ ಬಾಯಿಗೇ ಬೀಗ. ಅಷ್ಟು ಹೊತ್ತು ವಿವರಿಸಿದ್ದೆಲ್ಲ ಗೋಡೆಗೆ.

ಸಂಜೆ

ಅಕ್ಕನೇ ಜಡ್ಜ್. ಅವಳು ರೂಮಿನಲ್ಲಿ, ನಾನು ಹಾಲ್‌ನಲ್ಲಿ ಟೇಬಲ್ ಫ್ಯಾನಿಗೆ ಮುಖ ಕೊಟ್ಟು. ಯಾವುದು ಯಾವುದೆಂದು ಹೇಳಲಿಲ್ಲ. ಮೊದಲನೆಯದಕ್ಕೆ ತೀರ್ಪು — ಕುಕ್ಕರ್. ಎರಡನೆಯದಕ್ಕೆ ಮೆಲ್ಲಗೆ, "ಪಕ್ಕದಲ್ಲೇ ಕೂತ ಹಾಗಿದೆಯಲ್ಲೋ. ಫ್ಯಾನ್ ಆಫ್ ಮಾಡಿದ್ಯಾ?"

ಮಾಡಿರಲಿಲ್ಲ. ಫುಲ್ ಸ್ಪೀಡ್! ಮಿಡತೆ ಸೋಫಾ ಮೇಲೆ ಕುಣಿದಳು.

ಫೆಬ್ರವರಿ 23, ಭಾನುವಾರ

ಮಿಡತೆ ಐದನೆಯವಳು! ಅಕ್ಕನಿಗೆ ಒಂದಕ್ಷರವೂ ತಪ್ಪದೆ ಕೇಳಿಸಿದೆ. ಕೊನೆಯಲ್ಲಿ ರಸ್ತೆಯ ಎರಡೂ ಬದಿ ಜನವೋ ಜನ, ಸಿಳ್ಳೆ, ಚಪ್ಪಾಳೆ. ಎದೆಯುಬ್ಬಿಸಿಕೊಂಡು ಮನೆಗೆ ಬಂದರೆ ಅಕ್ಕನದು ಬೇರೆಯದೇ ಚಿಂತೆ. ನೋಡಲು ಯಾರೂ ಬಂದಿರಲಿಲ್ಲವೇ ಎಂದು ಕೇಳಿದಳು. ಇಡೀ ಊರೇ ಬಂದಿತ್ತು ಎಂದೆ.

"ಒಬ್ಬರ ಸದ್ದೂ ಕೇಳಿಸ್ಲಿಲ್ಲ. ನಿನ್ನ ಮಾತು ಸ್ಪಷ್ಟವಾಗಿತ್ತು, ಇಲ್ಲ ಅನ್ನಲ್ಲ. ಆದ್ರೆ ನನ್ನ ಮಗಳು ಖಾಲಿ ಊರಲ್ಲಿ ಒಬ್ಬಳೇ ಸೈಕಲ್ ಹೊಡೆದ ಹಾಗಿತ್ತು."

ಹಳೆಯದು ನನ್ನ ಮಾತನ್ನು ನುಂಗುತ್ತಿತ್ತು. ಹೊಸದು ನನ್ನನ್ನು ಉಳಿಸಿ ಊರನ್ನೇ ನುಂಗಿದೆ. ಸೆಟ್ಟಿಂಗ್ಸ್ ಎಲ್ಲ ಜಾಲಾಡಿದೆ. ಸದ್ದು ಸೋಸುವುದನ್ನು ನಿಲ್ಲಿಸುವ ದಾರಿಯೇ ಇಲ್ಲ.

ಮಾರ್ಚ್ 14

ನಾಡಿದ್ದು ಆಯ್ಕೆಯ ರೇಸ್. ಮೊದಲ ಮೂವರಿಗಷ್ಟೇ ತಂಡದಲ್ಲಿ ಜಾಗ. ಮಿಡತೆ ಊಟಕ್ಕೆ ಕೂತರೂ ಕಾಲು ಪೆಡಲ್ ತುಳಿಯುತ್ತಿದೆ. ಹಳೆಯದನ್ನೇ ಹಾಕಿಕೊಳ್ಳಲೇ, ಗದ್ದಲವಾದರೂ ಕೇಳಿಸೀತು ಎಂದು ಅಕ್ಕನನ್ನು ಕೇಳಿದೆ. ಬೇಡವೆಂದಳು. ಊಟ ಮುಗಿಸಿ, ಕೈ ತೊಳೆದು ಬಂದು, ಕುರ್ಚಿಯ ಬೆನ್ನು ಹಿಡಿದು ನಿಂತು —

"ಹೊಸದನ್ನೇ ಹಾಕ್ಕೋ. ಉಳಿದಿದ್ದನ್ನ ನಾನೇ ಬಂದು ಕೇಳ್ತೀನಿ."

ಭಾವ ಎತ್ತಿದ ಲೋಟ ಬಾಯಿಗೆ ಹೋಗಲಿಲ್ಲ. ಮಿಡತೆಯ ಕಾಲು ನಿಂತಿತು.

ಮಾರ್ಚ್ 16, ಬೆಳಿಗ್ಗೆ

ಎಲ್ಲರಿಗಿಂತ ಮೊದಲು ಅಕ್ಕನೇ ರೆಡಿ. ಆಮೇಲೆ ಶೂ ಬಿಚ್ಚಿ, ಬರುವುದಿಲ್ಲ ಎಂದಳು. ಮತ್ತೆ ಹಾಕಿಕೊಂಡಳು. ಮತ್ತೆ ಬಿಚ್ಚಿದಳು. ಭಾವ ಹೋಗಿ ಕಾರಿನ ಬಾಗಿಲು ತೆರೆದಿಟ್ಟರು. ಈಗ ಕಾರಿನಲ್ಲಿ ಕೂತಿದ್ದಾಳೆ!

ಅದೇ ದಿನ, ಮಧ್ಯಾಹ್ನ

ಅಕ್ಷರವೆಲ್ಲ ಕಾಗೆ ಕಾಲು ಗುಬ್ಬಿ ಕಾಲು. ಆದರೂ ಈಗಲೇ ಬರೆಯಬೇಕು, ಈ ಕಾರಿನಲ್ಲೇ.

ಮುಕ್ತಾಯದ ಗೆರೆಯ ಪಕ್ಕ ಅಕ್ಕ, ಒಂದು ಕೈ ಭಾವನ ತೋಳಿಗೆ, ಇನ್ನೊಂದರಲ್ಲಿ ಫೋನ್. ಒಂದು ಕಿವಿಗೆ ನಾನು, ಇನ್ನೊಂದಕ್ಕೆ ಊರು. ಯಾರೋ ಕಾಲು ತುಳಿದರಂತೆ, ಯಾರೋ ನೂಕಿದರಂತೆ. ಆದರೂ ಅಕ್ಕ ಮನೆಗೆ ಹೋಗೋಣ ಎನ್ನಲಿಲ್ಲವಂತೆ.

ಏರು ಹತ್ತುವಾಗ ಮಿಡತೆ ಆರನೆಯವಳು. ಇಳಿಜಾರಿನ ತಿರುವಿನಲ್ಲಿ ಮುಂದಿದ್ದವಳು ಜಾರಿ ಬಿದ್ದಳು. ಮಿಡತೆ ಕೂದಲೆಳೆಯಲ್ಲಿ ಪಾರು. "ಬಿದ್ದಿದ್ದು ಅವಳಲ್ಲ ಅಕ್ಕಾ, ಅವಳಲ್ಲ," ಎಂದೆ. ಹಳೆಯ ಹೆಡ್‌ಸೆಟ್ ಆಗಿದ್ದರೆ ಅಕ್ಕನಿಗೆ ಬಿದ್ದಳೆಂದಷ್ಟೇ ಕೇಳಿಸಿ ಜೀವ ಹೋಗುತ್ತಿತ್ತು.

ಕೊನೆಯ ಕಿಲೋಮೀಟರ್. ನಾಲ್ಕನೆಯವಳು! ಮೂರನೆಯವಳ ಬೆನ್ನಿಗೇ ಅಂಟಿಕೊಂಡಿದ್ದಾಳೆ... ಅಷ್ಟರಲ್ಲಿ ರೇಸ್ ನಡೆಸುವವರು ಬೈಕುಗಳನ್ನೆಲ್ಲ ಪಕ್ಕದ ರಸ್ತೆಗೆ ತಿರುಗಿಸಿಬಿಟ್ಟರು. ಎದುರಿಗೆ ಬರೀ ಗೋಡೆ.

"ಅಕ್ಕಾ, ನನಗೇನೂ ಕಾಣ್ತಿಲ್ಲ."

"ನೀನು ಸುಮ್ನಿರು. ನಾನು ಹೇಳ್ತೀನಿ."

ಹೇಳಿದಳು! ಮೊದಲನೆಯವಳು ದಾಟಿದಳೆಂದು ಜನರ ಕೂಗಿನಿಂದ, ಎರಡನೆಯವಳು ದಾಟಿದಳೆಂದು ಚಕ್ರದ ಸುಂಯ್ ಎನ್ನುವ ಸದ್ದಿನಿಂದ. ಈಗ ಎರಡು ಸೈಕಲ್ ಒಟ್ಟೊಟ್ಟಿಗೆ ಬರುತ್ತಿವೆ ಎಂದಳು. ಅವಳ ಹಿಂದೆ ಜನಸಾಗರ ಭೋರ್ಗರೆಯುತ್ತಿತ್ತು. ಕೋಚ್ ಬೈಕ್ ನಿಲ್ಲಿಸಿ ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಹೆಡ್‌ಸೆಟ್ಟನ್ನು ಕಿವಿಗೆ ಒತ್ತಿಕೊಂಡೆ.

"ಮಿಡತೆ ಮಿಡತೆ ಅಂತಿದಾರೆ ಕಣೋ... ಎಲ್ಲರೂ ಅವಳನ್ನೇ... ನಿನ್ನ ಭಾವ ಅಳ್ತಿದಾರೆ. ಮೂರು. ಮೂರನೇ ಜಾಗ ಕಣೋ."

ತೋಳಲ್ಲಿದ್ದ ಚಕ್ರ ಎಲ್ಲಿ ಬಿತ್ತೋ ಗೊತ್ತಿಲ್ಲ. ಕೋಚ್ ನನ್ನನ್ನು ಎತ್ತಿ ತಿರುಗಿಸಿದರು.

ಅಕ್ಕ ಕಾರಿನ ಗಾಜು ತಟ್ಟುತ್ತಿದ್ದಾಳೆ. ಇನ್ನೊಂದು ಸಲ ಜನರ ಮಧ್ಯೆ ನಡೆದು ಬರಬೇಕಂತೆ. ಭಾವನ ತೋಳೂ ಬೇಡವಂತೆ, ನಾನು ಬರೀ ಪಕ್ಕದಲ್ಲಿದ್ದರೆ ಸಾಕಂತೆ. ಹೊರಟೆ.