ಎರಡು ಸಲ ಎತ್ತಿದ ಕೈ

ಬುಧವಾರ, ಸಂಜೆ

ಪುಟ್ಟೀ,

ಅದಕ್ಕೇ ನಾನು ಹೇಳಿದ್ದು, ತಪ್ಪು ಇಂಜಿನಿಯರದ್ದೂ ಅಲ್ಲ, ಪೂರ್ತಿ ನನ್ನದೂ ಅಲ್ಲ ಅಂತ. ನಿನ್ನೆ ಫೋನಿನಲ್ಲಿ ನೀನು ನಕ್ಕು ನಕ್ಕು ಇಟ್ಟುಬಿಟ್ಟೆ, ಮಾತು ಅರ್ಧಕ್ಕೇ ನಿಂತಿತು. ನೋಡು, ಕುಶಲ ಕೇಳುವುದನ್ನೇ ಮರೆತೆ. ಮಗುವಿಗೆ ಹಲ್ಲು ಬಂತೇ? ನಿನ್ನ ಕಾಗದಕ್ಕೆ ಉತ್ತರ ತಡವಾಯಿತು, ಕನ್ನಡಕದ ಕಾಲು ಮುರಿದಿತ್ತು. ಈಗ ದಾರ ಕಟ್ಟಿಕೊಂಡಿದ್ದೇನೆ.

ಮೊದಲಿಂದ ಹೇಳುತ್ತೇನೆ. ಮೊನ್ನೆ ಶಾಲೆಯ ದೊಡ್ಡ ಕೋಣೆಯಲ್ಲಿ ಸಭೆ. ಈ ವರ್ಷ ಊರಿಗೆ ಒಂದೇ ಕಾಮಗಾರಿಯಂತೆ: ಹಳ್ಳಕ್ಕೆ ಸೇತುವೆ, ಇಲ್ಲವೇ ತರಕಾರಿಗೆ ಕೋಲ್ಡ್ ಸ್ಟೋರೇಜ್. "ನೀವೇ ಕೈ ಎತ್ತಿ ಹೇಳಿ" ಅಂದರು ಇಂಜಿನಿಯರ್.

ಸೇತುವೆಗೆ ಎತ್ತಿದೆ. ನರ್ಸು ನೀನು ಆಚೆ ದಡದಲ್ಲಿ. ನೀರು ಏರಿದರೆ ಈಚೆಯವರ ಜ್ವರ ಹೇಗೋ ಕಾಯುತ್ತದೆ, ಹೆರಿಗೆ ಕಾಯುತ್ತದೆಯೇ? ಆಮೇಲೆ ಕೋಲ್ಡ್ ಸ್ಟೋರೇಜ್ ಅಂದರು. ಅದಕ್ಕೂ ಎತ್ತಿದೆ. ನಿನ್ನ ಅಣ್ಣ ಹೋದ ವಾರ ಟೊಮೆಟೊ ಗಾಡಿಯನ್ನು ಸಂತೆಯಿಂದ ಹಾಗೇ ವಾಪಸು ತಂದು ರಸ್ತೆ ಬದಿ ಸುರಿದ. ಆಮೇಲೆ ಸರಿಯಾಗಿ ಉಣ್ಣಲೂ ಇಲ್ಲ.

ಎಣಿಸಿದರೆ ಎರಡೂ ಸಮ, ಆದರೆ ಜನಕ್ಕಿಂತ ಒಂದು ಕೈ ಹೆಚ್ಚು! ಟೈಲರ್ ಎದ್ದು, "ಇನ್ಯಾರು, ನಮ್ಮ ಬಿ.ಎ. ಯಜಮಾನರೇ. ಓದಿದವರಿಗೆ ಡಬಲ್ ವೋಟು" ಅಂದ. ಕೋಣೆಯೆಲ್ಲ ನಗು. ನಿನ್ನ ಅಣ್ಣ ನಗಲಿಲ್ಲ. "ಅಪ್ಪಾ, ಒಂದು ಕೈ ಇಳಿಸಿ" ಅಂದ.

ಯಾವುದು ಇಳಿಸಲಿ? ಕಾಲೇಜಿನಲ್ಲಿ ಆಪರ್ಚುನಿಟಿ ಕಾಸ್ಟ್ ಅಂತ ಓದಿದ್ದೆ. ಬಿಟ್ಟದ್ದೇ ಹಿಡಿದದ್ದರ ಬೆಲೆ ಅಂತೇನೋ. ಎದ್ದು ಅದನ್ನೇ ಹೇಳಿದೆ. ಇಂಜಿನಿಯರ್, "ಕರೆಕ್ಟ್ ಸರ್. ಆದರೆ ಯಾವುದು?" ಅಂದರು. ಶನಿವಾರ ಮತ್ತೆ ಸಭೆ. ಅಲ್ಲಿ ನಾನು ಯಾವುದು ಅನ್ನುತ್ತೇನೋ ಊರಿಗೆ ಅದೇ.

ಬೆಳಿಗ್ಗೆ ಸೇತುವೆಯೇ ಸರಿ ಅನ್ನಿಸುತ್ತದೆ. ಊಟಕ್ಕೆ ಕೂತು ನಿನ್ನ ಅಣ್ಣನ ಮುಖ ನೋಡಿದರೆ ಕೋಲ್ಡ್ ಸ್ಟೋರೇಜ್. "ಮಾವ, ಕಾಫಿಗೆ ಸಕ್ಕರೆ ಸಾಕಾ ಅಂದರೂ ನೀವು ಹೀಗೇ ಸೂರು ನೋಡ್ತೀರಿ" ಅನ್ನುತ್ತಾಳೆ ನಿನ್ನ ಅತ್ತಿಗೆ.

ಶನಿವಾರ ನೀನು ಬಾ. ಹಳ್ಳ ತುಂಬಿದೆ, ಸುತ್ತುದಾರಿಯ ಬಸ್ಸು ಹಿಡಿ. ನನಗೇನೂ ಹೇಳಿಕೊಡಬೇಡ. ನನ್ನ ಹಿಂದಿನ ಸಾಲಿನಲ್ಲಿ ಕೂರು, ಅಷ್ಟು ಸಾಕು.

ಅಳಿಯಂದಿರಿಗೂ ಮಗುವಿಗೂ ಆಶೀರ್ವಾದ. ನಿನ್ನ ಕೈಗುಣ ಹೀಗೇ ಇರಲಿ.

ನಿನ್ನ
ಅಪ್ಪ

ತಾ.ಕ.: ಹಿಂದಿನ ಸಾಲು ಯಾಕೆ ಅಂತ ಕೇಳುತ್ತೀಯ. ಸಭೆಗಳಲ್ಲಿ ನಿಮ್ಮಮ್ಮ ನನ್ನ ಬೆನ್ನ ಹಿಂದೆಯೇ ಕೂರುತ್ತಿದ್ದಳು. ಅವಳು ಸಣ್ಣಗೆ ಕೆಮ್ಮಿದರೆ ನಾನು ಕೈ ಎತ್ತುತ್ತಿದ್ದೆ. ಇಷ್ಟು ವರ್ಷ ಊರು ನನ್ನದೆಂದುಕೊಂಡ ಬುದ್ಧಿಯೆಲ್ಲ ಅವಳದು. ಮೊನ್ನೆ ಹಿಂದೆ ಯಾರೋ ಕೆಮ್ಮಿದರು, ಕೈ ತಾನಾಗಿ ಮೇಲೆ ಹೋಯಿತು. ಮತ್ತೆ ಕೆಮ್ಮಿದರು, ಮತ್ತೆ ಹೋಯಿತು. ಮೇಲೆ ಬರೆದ ಕಾರಣಗಳೆಲ್ಲ ಮನೆಗೆ ಬಂದ ಮೇಲೆ ಹೊಳೆದವು. ಯಾರಿಗೋ ನೆಗಡಿ, ಪಾಪ. ತಿರುಗಿ ನೋಡಲಿಲ್ಲ. ನೋಡಿದ್ದರೆ ಬೇರೆ ಯಾರೋ ಆಗಿಬಿಡುತ್ತಿದ್ದರು. ನಿನ್ನ ಕೆಮ್ಮು ಥೇಟ್ ಅವಳದೇ, ಪುಟ್ಟೀ. ಬಂದರೆ ಕೆಮ್ಮು, ಬರದಿದ್ದರೆ... ಬೆಳಕು ಹೋಗುತ್ತಿದೆ. ಬರೆದದ್ದು ನನಗೇ ಕಾಣುತ್ತಿಲ್ಲ.