ಹೆಬ್ಬೆರಳಿನ ತೂತು

4-3-2006, ಶನಿವಾರ

ಮತ್ತೊಂದು ಬೌಲಿಂಗ್ ಬಾಲಿಗೆ ಬೆರಳ ತೂತು ಕೊರೆದೆ. ಮೈನ್ಸ್ ಧಣಿ ಪಾಲಾಕ್ಷಪ್ಪನವರ ಮಗ ಗುರುಬಸವರಾಜನದು. ಕೊಟ್ಟೂರು ರಸ್ತೆಯ ತೋಟದ ಮನೆಯಲ್ಲಿ ಭಾರದ ಚೆಂಡು ಉರುಳಿಸಿ ಗೂಟ ಬೀಳಿಸುವ ಎರಡು ಬೌಲಿಂಗ್ ಲೇನ್ ಹಾಕಿಸಿದ್ದಾರೆ. ಬೆಂಗಳೂರಿನಿಂದ ನನ್ನನ್ನು ಊರಿಗೆ ಕರೆಸಿಕೊಂಡದ್ದೇ ಇದಕ್ಕೆ.

ಹಳೆಯ ಬಾಲ್ ಬೇಗ, ಮೆತ್ತಗೆ ತಿರುಗುತ್ತದೆಂದು ಅವನ ತಕರಾರು. ಒಳಗಿನ ತೂಕ ಎಲ್ಲಿದೆಯೆಂದು ತೋರಿಸುವ ಚುಕ್ಕೆ ಬೆರಳ ತೂತುಗಳ ಕೆಳಗಿತ್ತು. ಹೊಸದರಲ್ಲಿ ಮೇಲೆ ಬರುವಂತೆ ಕೊರೆದೆ. ಈಗ ಉದ್ದ ಓಡಿ, ಕೊನೆಗೆ ಸರಕ್ಕನೆ ತಿರುಗುತ್ತದೆ.

"ಜೋರಾಗಿ ಒಗಿಬ್ಯಾಡ್ರಿ. ತಿರುಗಾಕ ಟೈಮ್ ಸಿಗಂಗಿಲ್ಲ" ಅಂದೆ. ಕೇಳಿಸಿಕೊಳ್ಳಲಿಲ್ಲ.

29-3, ಬುಧವಾರ

ಎಡಗೈ ಬರಹ. ಅಕ್ಷರ ಸೊಟ್ಟ.

ಹನ್ನೊಂದನೇ ತಾರೀಖು ಗುರುಬಸವರಾಜನಿಗೆ ತನ್ನ ಹೊಸಪೇಟೆಯ ಗೆಳೆಯರ ಜೊತೆ ಮ್ಯಾಚ್. ಗುರು ಬಲವೆಲ್ಲ ಹಾಕಿ ಎಸೆದ — ತಿರುಗಲೇ ಇಲ್ಲ, ಲೇನ್ ಪಕ್ಕದ ಗಟರ್‌ಗೆ. ಮೂರು ಸಲ. ಅವರು ನಕ್ಕರು.

"ಏನ್ ಮಾಡೀಲೇ ನನ್ನ ಬಾಲಿಗೆ?"

ಬಾಯಿ ತೆರೆಯುವ ಮೊದಲೇ ಕಪಾಳಕ್ಕೆ ಬಿತ್ತು. ಬಿದ್ದೆ. ಬಲಗೈಯನ್ನು ಬೂಟಿನಿಂದ ಒತ್ತಿ ಹಿಡಿದು, ಹದಿನೈದು ಪೌಂಡಿನ ಬಾಲನ್ನು ಮೇಲಿಂದ ಬಿಟ್ಟ. ಎರಡು ಸಲ. ಮೂರು ಬೆರಳು ಹೋದವು.

ಆಸ್ಪತ್ರೆಯಲ್ಲಿ ಧಣಿಯ ಮ್ಯಾನೇಜರ್ "ಬೈಕಿಂದ ಬಿದ್ದಾನ್ರಿ" ಎಂದು ಬರೆಸಿದ.

"ಕಂಪ್ಲೇಂಟ್ ಕೊಡೋಣ ಬಾ ಕ್ರಾಂತಿ" ಎಂದು ಅವ್ವ ದಿನಾ ಹೇಳುತ್ತಾಳೆ. ಬೇಡವೆಂದೆ. ಪಾಲಾಕ್ಷಪ್ಪನವರು ಕೆಲಸಕ್ಕೆ ಬರಲು ಹೇಳಿ ಕಳಿಸಿದ್ದಾರೆ. ಹೋಗುತ್ತೇನೆ.

2-4, ಭಾನುವಾರ, ಬೆಳಿಗ್ಗೆ

ಮತ್ತೆ ಹೊಸ ಬಾಲ್. "ಈ ಸಲ ಕುಡುಗೋಲಿನಂಗ ತಿರುಗಬೇಕು ನೋಡು" ಅಂದ ಗುರು.

ಎಡಗೈಯಲ್ಲೇ ಕೊರೆದೆ. ಹೆಬ್ಬೆರಳಿನ ತೂತು ಬಿಗಿ ಮಾಡಿದೆ. ಅಂಚು ಉಜ್ಜಲಿಲ್ಲ. ಎಸೆದರೆ ಬೆರಳು ಒಳಗೇ ಉಳಿಯುತ್ತದೆ... ಗೊತ್ತಿದ್ದೇ ಮಾಡಿದೆ.

ಬೆರಳು ತೂರಿಸಿ ನೋಡಿದ. "ಬಿಗಿ ಐತಲ್ಲೋ."

"ಬಿಗಿ ಇದ್ರ ಹಿಡಿತ ಸಿಗತೈತ್ರಿ."

ನಂಬಿದ.

ಅದೇ ದಿನ, ಮಧ್ಯಾಹ್ನ 3

ಮೊದಲ ಎಸೆತಕ್ಕೇ ಕಿರುಚಿದ. ಬಾಲ್ ಅವನನ್ನು ಎಳೆದುಕೊಂಡೇ ಬಿತ್ತು. ಗೆಣ್ಣು ಮುರಿದು, ಊದಿ, ಹೆಬ್ಬೆರಳು ಒಳಗೇ ಸಿಕ್ಕಿಕೊಂಡಿತು. ಎಳೆದಷ್ಟೂ ರಕ್ತ.

ಪಾಲಾಕ್ಷಪ್ಪನವರು ನನ್ನ ತೋಳು ಹಿಡಿದರು. "ನೀನ ತೆಗಿಯಪ್ಪ. ನಿನಗೊಬ್ಬನಿಗೇ ಗೊತ್ತೈತಿ."

ಅವನ ಕೈ ಸಮೇತ ಬಾಲನ್ನು ಕೊರೆಯುವ ಮೆಷಿನ್‌ಗೆ ಬಿಗಿದೆ. ಬೆರಳಿನ ಸುತ್ತ ಸಣ್ಣ ಸಣ್ಣ ತೂತು. ಬೈರಿಗೆಯನ್ನು ಒಂದು ಕಾಳಿನಷ್ಟು ಸರಿಸಿದ್ದರೆ ಬೆರಳೇ ಇರುತ್ತಿರಲಿಲ್ಲ. ಸರಿಸಲಿಲ್ಲ. ಯಾಕೋ.

ಉಳಿಯಿಂದ ಒಡೆದೆ. ಬೆರಳು ಬಂತು. ಮೂಳೆ ಕಾಣುತ್ತಿತ್ತು.

"ಬೇಕಂತ ಮಾಡೀಯೇನ್ಲೇ?" ಗುರು ಕೇಳಿದ.

"ಹೌದ್ರಿ."

ಪಾಲಾಕ್ಷಪ್ಪನವರೂ ಕೇಳಿಸಿಕೊಂಡರು.

ಸಂಜೆ 5:10

ಗುರುವನ್ನು ಆಸ್ಪತ್ರೆಗೆ ಒಯ್ಯುವ ಗದ್ದಲದಲ್ಲಿ ಮನೆಗೆ ಬಂದೆ. ಈಗ ಹೊರಗೆ ಅವರ ಜೀಪು. ನಾಲ್ಕು ಜನ, ಕೈಯಲ್ಲಿ ರಾಡು. ಅವ್ವ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದಾಳೆ. "ಹಿತ್ತಲಾಗಿಂದ ಓಡೋ" ಎನ್ನುತ್ತಾಳೆ. ಓಡುವುದಿಲ್ಲ. ಓಣಿಯವರೆಲ್ಲ ಹೊರಗೆ ಬಂದಿದ್ದಾರೆ. ನನ್ನ ಕೈ ಮುರಿದದ್ದು ಯಾರೆಂದು ಅವರಿಗೆ ಕೂಗಿ ಹೇಳಿ, ಆಮೇಲೆ — ಬಾಗಿಲು ಒದೆಯುತ್ತಿದ್ದಾರೆ, ಪೆನ್ನು ಇಡುತ್ತೇನೆ.